ಗೋಡೆ ಹತ್ತಿದ ನೀರು

ಮಳೆಗಾಲ ಮುಗಿದು ಮೂರು ವಾರವಾಗಿತ್ತು. ಬೆಳಗ್ಗೆ ಏಳು ಗಂಟೆಯ ಹೊತ್ತು. ಟೇಪಣ್ಣ ಅಂಗಡಿಯ ಬಾಗಿಲು ತೆರೆದು, ಕೆಳಗಿನ ಹಲಗೆಯಲ್ಲಿದ್ದ ಬಿಳಿ ಬಟ್ಟೆಯ ಕಟ್ಟನ್ನು ಎಳೆದ. ಕಟ್ಟು ಸಲೀಸಾಗಿ ಬರಲಿಲ್ಲ. ಹಲಗೆಯ ಹಿಂದಿನ ಗೋಡೆಗೆ ಅಂಟಿಕೊಂಡಿತ್ತು. ಬಿಡಿಸಿ ಹರಡಿದರೆ ಮೊಳದುದ್ದದ ಹಳದಿ ಕಲೆ, ಕಲೆಯ ಅಂಚಿಗೆಲ್ಲ ಕಪ್ಪು ಬೂಸಲು.

ಕತ್ತಿನಲ್ಲಿ ಸದಾ ಅಳತೆಯ ಟೇಪು ನೇತಾಡುತ್ತಿದ್ದುದರಿಂದ ಬೀದಿಯವರು ಅವನಿಗೆ ಟೇಪಣ್ಣ ಎಂದು ಹೆಸರಿಟ್ಟಿದ್ದರು. ಇಪ್ಪತ್ತೆಂಟು ವರ್ಷದಿಂದ ಅದೇ ಮನೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ, ಹಿಂದೆ ಸಂಸಾರ. ಕಣ್ಣಿಗೆ ಬಿದ್ದದ್ದನ್ನೆಲ್ಲ ಅಳೆಯುವುದು ಅವನ ಗುಣ. ಹೆಂಡತಿ ಹೊಸ ಚಾಪೆ ತಂದರೂ ಬಿಚ್ಚಿ ಅಳೆದು, “ಎರಡು ಬೆರಳು ಮೋಸ ಮಾಡಿದ್ದಾನೆ” ಎನ್ನುತ್ತಿದ್ದ.

“ಇಲ್ಲಿ ಬಾರೇ” ಎಂದು ಹೆಂಡತಿಯನ್ನು ಕರೆದ.

ಹೆಂಡತಿ ಪೊರಕೆ ಹಿಡಿದುಕೊಂಡೇ ಬಂದಳು. “ಅಯ್ಯೋ, ಇದು ಆಸ್ಪತ್ರೆಯವರ ಕೋಟಿನ ಬಟ್ಟೆ ಅಲ್ವಾ?”

“ಹೂಂ. ಇದು ಯಾರ ಕೆಲಸ ಹೇಳು.”

“ಯಾರ ಕೆಲಸ ಅಂದ್ರೆ? ಗೋಡೆಗೆ ಥಂಡಿ ಹಿಡಿದಿದೆ, ಅಷ್ಟೇ.”

“ತಾನಾಗೇ ಥಂಡಿ ಹಿಡಿಯೋಕೆ ಅದೇನು ಮಳೇಲಿ ನೆನ್ಕೊಂಡು ಶಾಲೆಯಿಂದ ಬಂತಾ? ಯಾರೋ ನೀರು ಹಾಕಿದ್ರೆ ತಾನೇ ನೀರು ಬರೋದು.”

ಹಲಗೆಗಳನ್ನು ಸರಿಸಿ ನೋಡಿದರು. ನೆಲದಿಂದ ಸೊಂಟದೆತ್ತರಕ್ಕೆ ಬಣ್ಣ ಗುಳ್ಳೆ ಎದ್ದಿತ್ತು. ಗುಳ್ಳೆ ಒಡೆದಲ್ಲಿ ಹತ್ತಿಯ ಎಳೆಯಂಥ ಬಿಳಿ ಪುಡಿ ಹೊರಬಂದಿತ್ತು. ಹೋದ ವರ್ಷ ಈ ಕಲೆ ಮಂಡಿಯವರೆಗೆ ಮಾತ್ರ ಇತ್ತು. ಆಗ ಬಣ್ಣದಂಗಡಿಯವನ ಮಾತು ಕೇಳಿ ಅಷ್ಟೆತ್ತರಕ್ಕೆ ಸಿಮೆಂಟು ಬಳಿಸಿ, ಮೇಲೆ ಆಯಿಲ್ ಪೇಂಟು ಹೊಡೆಸಿದ್ದ. ಈಗ ಕಲೆ ಆ ಪೇಂಟನ್ನೂ ದಾಟಿ ಮೇಲೆ ಬಂದಿತ್ತು.

ಟೇಪಣ್ಣ ಕಿಟಕಿಯಿಂದ ಹೊರಗೆ ನೋಡಿದ. ಅದೇ ಗೋಡೆಯ ಆಚೆ ಬದಿ ಓಣಿ. ಗೋಡೆಯುದ್ದಕ್ಕೂ ಗಿರಾಕಿಗಳು ಕೂರಲು ಒಂದು ಕಟ್ಟೆ. ಕಟ್ಟೆಯ ಕೊನೆಗೆ ತಗಡಿನ ಚಪ್ಪರ, ಚಪ್ಪರದಡಿ ಇಸ್ತ್ರಿ ಅಕ್ಕನ ಮೇಜು. ಓಣಿಯ ಹಿಂದಿನ ಸಣ್ಣ ಕೋಣೆಯಲ್ಲಿ ಅವಳ ವಾಸ. ಜಾಗವನ್ನು ಟೇಪಣ್ಣನೇ ಅವಳಿಗೆ ಬಾಡಿಗೆಗೆ ಕೊಟ್ಟು ಹನ್ನೆರಡು ವರ್ಷವಾಗಿತ್ತು. ಅವನು ಹೊಲಿದದ್ದಕ್ಕೆ ಅವಳು ಗೆರೆ ಕೂರಿಸುತ್ತಿದ್ದಳು.

ಇಸ್ತ್ರಿ ಅಕ್ಕ ಬಕೆಟ್ಟಿಗೆ ಕೈ ಅದ್ದಿ ಅಂಗಿಯ ಮೇಲೆ ನೀರು ಚಿಮುಕಿಸುತ್ತಿದ್ದಳು. ಬಕೆಟ್ಟು ಕಟ್ಟೆಯ ಮೇಲೆ, ಗೋಡೆಗೆ ಒರಗಿ ಕೂತಿತ್ತು.

“ಗೊತ್ತಾಯ್ತು ಬಿಡು” ಎಂದ ಟೇಪಣ್ಣ.

ಅಂದಿನಿಂದ ಅವನ ಕಣ್ಣು ಹೊಲಿಗೆಯ ಮೇಲೆ ನಿಲ್ಲಲಿಲ್ಲ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಒದ್ದೆ ನಿಂತ ಮಟ್ಟಕ್ಕೆ ಗೋಡೆಯ ಮೇಲೆ ಗೆರೆ ಎಳೆದ. ದಿನಕ್ಕೆರಡು ಸಲ ಟೇಪು ಹಿಡಿದ. ಇಸ್ತ್ರಿ ಅಕ್ಕ ಬೆಳಗ್ಗೆ ಎಷ್ಟು ಬಕೆಟ್ ನೀರು ತುಂಬಿದಳು, ಸಂಜೆ ಎಷ್ಟು ಉಳಿಯಿತು ಎಂದು ಕಿಟಕಿಯಲ್ಲಿ ನಿಂತು ಲೆಕ್ಕ ಹಾಕಿದ. ಮೂರನೆಯ ದಿನ ತಡೆಯಲಾಗದೆ ಓಣಿಗೆ ಇಳಿದ.

“ಉಳಿದ ನೀರು ಎಲ್ಲಿ ಚೆಲ್ತೀಯಮ್ಮ?”

“ಚರಂಡಿಗೆ ಅಣ್ಣ. ಇನ್ನೆಲ್ಲಿ?”

“ದಿನಾನೂ?”

“ದಿನಾನೂ. ಯಾಕಣ್ಣ?”

“ಸುಮ್ನೆ ಕೇಳ್ದೆ.”

ಇಸ್ತ್ರಿ ಅಕ್ಕ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. “ನಾನು ನೀರು ಚಿಮುಕಿಸೋದು ಬಟ್ಟೆಗೆ. ಗೋಡೆಗೆ ಇಸ್ತ್ರಿ ಮಾಡೋ ಅಭ್ಯಾಸ ಇಲ್ಲಣ್ಣ ನಂಗೆ.”

ಮಾತು ನಗುತ್ತಲೇ ಬಂದಿತ್ತು. ಆ ನಗುವೂ ಟೇಪಣ್ಣನಿಗೆ ಸರಿ ಕಾಣಲಿಲ್ಲ. ಮರುದಿನ ಅಂಗಡಿ ತೆರೆಯುವ ಮೊದಲೇ, ಅವಳು ಬಕೆಟ್ ತುಂಬುವ ಓಣಿಯ ನಲ್ಲಿಯ ಹಿಡಿಗೆ ನೀಲಿ ದಾರ ಸುತ್ತಿ, ಗುಂಡಿಗೆ ಹಾಕುವ ತನ್ನದೇ ಗಂಟು ಹಾಕಿದ. ನಲ್ಲಿ ತಿರುಗಿಸಿದರೆ ದಾರ ಕಡಿಯಲೇಬೇಕು.

ದಾರ ಕಡಿಯಲಿಲ್ಲ. ಒಂದು ದಿನವಲ್ಲ, ಆರು ದಿನ. ಗೋಡೆಯ ಒದ್ದೆ ಮಾತ್ರ ಗೆರೆಯಿಂದ ಕೆಳಗಿಳಿಯಲಿಲ್ಲ. ಬಿಳಿ ಪುಡಿ ಗೆರೆಯ ಮೇಲೆ ಎರಡು ಬೆರಳು ಹೆಚ್ಚೇ ಬಂದಿತ್ತು.

“ಬಿಚ್ಚಿ ಮತ್ತೆ ಕಟ್ತಿದ್ದಾಳೆ” ಎಂದ ಹೆಂಡತಿಗೆ.

“ಆ ಗಂಟು ನಿಮ್ಮನ್ನ ಬಿಟ್ಟು ಯಾರಿಗೂ ಬರಲ್ಲ ಅಂತ ನೀವೇ ಹೇಳ್ತಿದ್ರಿ.”

“ಹನ್ನೆರಡು ವರ್ಷ ಪಕ್ಕದಲ್ಲಿ ನಿಂತವಳು ಕಲಿತಿರ್ತಾಳೆ.”

ಹೆಂಡತಿ ಪಾತ್ರೆ ಕೆಳಗಿಟ್ಟಳು. “ರೀ, ನೀವು ದಾರ ಕಟ್ಟಿದ ದಿನಾನೇ ಅವಳು ನೋಡಿದ್ದಾಳೆ. ಅವತ್ತಿಂದ ಬೀದಿ ಕೊನೆ ನಲ್ಲಿಯಿಂದ ಬಕೆಟ್ ಹೊತ್ಕೊಂಡು ಬರ್ತಿದ್ದಾಳೆ. ಎಲ್ಲಾ ಲೆಕ್ಕ ಹಾಕೋರಿಗೆ ಅದೊಂದು ಕಾಣ್ಲಿಲ್ವಾ?”

ಟೇಪಣ್ಣ ಕಿಟಕಿಗೆ ಹೋಗಿ ಬಕೆಟ್ಟನ್ನು ನೋಡಿದ. ಆಮೇಲೆ ಕೇಳಿದ: “ತಪ್ಪಿಲ್ಲದಿದ್ರೆ ನನ್ನ ಹತ್ರ ಬಂದು ಜಗಳ ಆಡ್ಬೇಕಿತ್ತು. ಯಾಕೆ ಆಡ್ಲಿಲ್ಲ?”

ಅದೇ ಸಂಜೆ ಓಣಿಗೆ ಹೋಗಿ, ಮುಖ ನೋಡದೆ, “ತಿಂಗಳ ಕೊನೆಗೆ ಜಾಗ ಬಿಡಮ್ಮ” ಎಂದ.

“ಆಯ್ತು ಅಣ್ಣ” ಎಂದಳು ಇಸ್ತ್ರಿ ಅಕ್ಕ.

ಹೆಂಡತಿಗೆ ಅಂದು ಊಟ ಸೇರಲಿಲ್ಲ. ಮರುದಿನ, ಶುಕ್ರವಾರ, ತನ್ನ ಚಿಕ್ಕಮ್ಮನಿಗೆ ಫೋನು ಮಾಡಿದಳು. ಚಿಕ್ಕಮ್ಮ ಗಾರೆ ಕೆಲಸದವಳು. ಚಿಕ್ಕಂದಿನಲ್ಲಿ ಬಾಣಲಿಯಲ್ಲಿ ಗಾರೆ ಹೊರಲು ಹೋದವಳು, ಮೂವತ್ತಕ್ಕೆ ಕರಣೆ ಹಿಡಿದು, ಈಗ ಅರವತ್ತು ದಾಟಿದರೂ ಗೋಡೆಗೆ ಕೈಯಿಟ್ಟು ಅದರ ಆರೋಗ್ಯ ಹೇಳುತ್ತಿದ್ದಳು. ಎಲ್ಲ ಕೇಳಿಸಿಕೊಂಡು, “ಭಾನುವಾರ ಬರ್ತೀನಿ. ಅಲ್ಲೀವರೆಗೆ ಅಂಗೈಯಗಲದ ಪ್ಲಾಸ್ಟಿಕ್ ಹಾಳೆ ತಗೊಂಡು, ಗೋಡೆ ಒರೆಸಿ, ನಾಲ್ಕೂ ಕಡೆ ಗಾಳಿ ಹೋಗದ ಹಾಗೆ ಅಂಟಿಸಿಡು” ಎಂದಳು.

ಭಾನುವಾರ ಬಂದವಳೇ ಚಪ್ಪಲಿ ಬಿಟ್ಟು ನೇರ ಗೋಡೆಯ ಹತ್ತಿರ ಹೋದಳು. ಟೇಪಣ್ಣ ಹೊಲಿಗೆಯಂತ್ರದ ಮುಂದಿನಿಂದ ಏಳಲಿಲ್ಲ.

“ಗಾರೆಯವರನ್ನ ಕರೆದ್ರೆ ಗೋಡೆ ಒಡೀಬೇಕು ಅಂತಾನೇ ಹೇಳೋದು” ಎಂದ.

“ಟೈಲರ್ ಹತ್ರ ಹೋದ್ರೆ ಹಳೇ ಅಂಗಿನೇ ಚೆನ್ನಾಗಿದೆ ಅಂತಾನಾ ಅಳಿಯಂದ್ರೇ?” ಎಂದಳು ಚಿಕ್ಕಮ್ಮ, ತಿರುಗಿ ನೋಡದೆ. ಪ್ಲಾಸ್ಟಿಕ್ ಹಾಳೆಯನ್ನು ಕಿತ್ತು ತೋರಿಸಿದಳು. ಗೋಡೆಯ ಕಡೆಯ ಮೈಯಲ್ಲಿ ಹನಿಗಳು ಸಾಲುಗಟ್ಟಿದ್ದವು. ಕೋಣೆಯ ಕಡೆಯ ಮೈ ಒಣಗಿತ್ತು. “ಕೋಣೆ ಗಾಳೀಲಿರೋ ತೇವ ಆಗಿದ್ರೆ ಈಚೆ ಕಡೆ ಹನಿ ಕೂರ್ತಿತ್ತು. ಇದು ಗೋಡೆ ಒಳಗಿಂದ ಬಂದಿದ್ದು.”

“ಅದನ್ನೇ ನಾನೂ ಹೇಳಿದ್ದು. ಆಚೆ ಕಡೆಯಿಂದ ಅವಳು ನೀರು ಕುಡಿಸಿದ್ದಾಳೆ.”

“ಅವಳ ಬಕೆಟ್ಟು ಇರೋದೆಲ್ಲಿ?”

“ಆ ಕೊನೇಲಿ.”

“ಒದ್ದೆ ಇರೋದೆಲ್ಲಿ?”

ಟೇಪಣ್ಣ ನೋಡಿದ. ಒದ್ದೆ ಈ ಮೂಲೆಯಿಂದ ಆ ಮೂಲೆಯವರೆಗೆ ಇತ್ತು. ಅವನೇ ಎಳೆದ ಸೀಮೆಸುಣ್ಣದ ಗೆರೆ ಇಪ್ಪತ್ತು ಅಡಿ ಉದ್ದಕ್ಕೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿತ್ತು.

“ಬಕೆಟ್ ನೀರಾದ್ರೆ ಬಕೆಟ್ ಇದ್ದ ಕಡೆ ನೆನೀಬೇಕು” ಎಂದಳು ಚಿಕ್ಕಮ್ಮ. “ಚಾವಣಿ ಸೋರಿದ್ರೆ ಕಲೆ ಮೇಲಿಂದ ಇಳೀಬೇಕು. ಪೈಪು ಒಡೆದಿದ್ರೆ ಒಂದು ಕಡೆ ಮಚ್ಚೆ ಬಿದ್ದು ಸುತ್ತ ಹರಡ್ಬೇಕು. ಇದು ಅಂಗಿಯಂಚು ಮಡಿಸಿದ ಹಾಗೆ ಕೆಳಗಿಂದ ಒಂದೇ ಸಮ ಬಂದಿದೆ. ಈ ಬಿಳಿ ಪುಡಿ ಉಂಟಲ್ಲ, ಇದು ಮಣ್ಣಿನ ಉಪ್ಪು. ನೀರು ಹೊತ್ಕೊಂಡು ಮೇಲೆ ಬರುತ್ತೆ, ನೀರು ಆರಿಹೋಗುತ್ತೆ, ಉಪ್ಪು ಇಲ್ಲೇ ಕೂರುತ್ತೆ. ನೆಲದ ನೀರು ಅಳಿಯಂದ್ರೇ ಇದು. ಗೋಡೆ ಹತ್ತಿ ಬಂದಿದೆ.”

ಟೇಪಣ್ಣ ನಕ್ಕ. “ನೀರು ಇಳಿಯೋದು ನೋಡಿದ್ದೀನಿ. ಹತ್ತೋದಕ್ಕೆ ಅದಕ್ಕೇನು ಕಾಲಿದೆಯಾ?”

ಚಿಕ್ಕಮ್ಮ ಕತ್ತರಿಸಿದ ಚೂರುಗಳ ಬುಟ್ಟಿಗೆ ಕೈ ಹಾಕಿ ಎರಡು ಪಟ್ಟಿ ತೆಗೆದಳು. ಒಂದು ಹತ್ತಿ ಬಟ್ಟೆಯದು, ಇನ್ನೊಂದು ರೈನ್‌ಕೋಟಿನದು. ಒಂದು ಲೋಟಕ್ಕೆ ಎರಡು ಬೆರಳು ನೀರು ಹಾಕಿ, ಎರಡರ ತುದಿಯನ್ನೂ ಅದರೊಳಗೆ ಇಳಿಬಿಟ್ಟು, ಮೇಲ್ತುದಿಯನ್ನು ಸೂಜಿಯಿಂದ ಹಲಗೆಗೆ ಚುಚ್ಚಿದಳು. ಅರ್ಧ ಗಂಟೆ ಯಾರೂ ಮುಟ್ಟಬಾರದು ಎಂದಳು. ಆ ಅರ್ಧ ಗಂಟೆ ಟೇಪಣ್ಣ ಲೋಟವನ್ನು ಬಿಟ್ಟು ಕದಲಲಿಲ್ಲ. ಚಿಕ್ಕಮ್ಮ ಕೈಯಾಡಿಸಿಬಿಟ್ಟರೆ ಎಂಬ ಗುಮಾನಿ.

ಹತ್ತಿ ಪಟ್ಟಿ ನೀರಿನಿಂದ ಮೇಲಕ್ಕೆ ನೆನೆದಿತ್ತು. ಟೇಪು ಹಿಡಿದರೆ ಮೂರೂವರೆ ಇಂಚು. ರೈನ್‌ಕೋಟಿನ ಪಟ್ಟಿ ನೀರಿನ ಮೇಲೆ ಒಣಒಣ.

“ಇಟ್ಟಿಗೆ, ಗಾರೆ, ಎರಡೂ ಹತ್ತಿ ಜಾತಿ” ಎಂದಳು ಚಿಕ್ಕಮ್ಮ. “ಸಣ್ಣ ಸಣ್ಣ ತೂತು, ಅದರೊಳಗೆ ನೀರು ತಾನೇ ಹತ್ತುತ್ತೆ. ಅದಕ್ಕೇ ಮನೆ ಕಟ್ಟುವಾಗ ಪಾಯದ ಮೇಲೆ ಡಾಂಬರಿಂದೋ, ದಪ್ಪ ಪ್ಲಾಸ್ಟಿಕ್ಕಿಂದೋ ಒಂದು ತಡೆಪಟ್ಟಿ ಹಾಕ್ತೀವಿ. ಅದು ಗೋಡೆಯ ರೈನ್‌ಕೋಟು. ಅದರ ಕೆಳಗೆ ನೀರು ಎಷ್ಟಾದ್ರೂ ಇರ್ಲಿ, ಮೇಲೆ ಬರಲ್ಲ.”

“ಹಾಗಾದ್ರೆ ಈ ಮನೆಗೆ ಹಾಕಿಲ್ಲ. ಕಟ್ಟಿದವನು ಮೋಸ ಮಾಡಿದ.”

“ತಪ್ಪನ್ನ ಯಾರ ಮೇಲಾದ್ರೂ ಹಾಕ್ಲೇಬೇಕಾ?” ಎಂದಳು ಹೆಂಡತಿ.

ಚಿಕ್ಕಮ್ಮ ಕೇಳಿದಳು: “ಒದ್ದೆ ಶುರುವಾಗಿ ಎಷ್ಟು ವರ್ಷ ಆಯ್ತು?”

“ಐದು.”

“ಅಲ್ಲೀವರೆಗೆ ಒಣಗಿತ್ತಲ್ಲ. ಮೋಸ ಮಾಡಿದ್ರೆ ಅಷ್ಟು ವರ್ಷ ಒಣಗಿರ್ತಿರ್ಲಿಲ್ಲ. ಅದಕ್ಕೆ ಮುಂಚೆ ಏನು ಮಾಡಿಸಿದ್ರಿ?”

“ಏನೂ ಇಲ್ಲ.”

“ಕಟ್ಟೆ ಕಟ್ಟಿಸಿದ್ರಲ್ಲ” ಎಂದಳು ಹೆಂಡತಿ, ಮೆಲ್ಲಗೆ.

ಟೇಪಣ್ಣ ಟೇಪನ್ನು ಕತ್ತಿನಿಂದ ತೆಗೆದು ಕೈಗೆ ಸುತ್ತಿಕೊಂಡ.

ಆರು ವರ್ಷದ ಹಿಂದೆ ಆ ಕಟ್ಟೆಯನ್ನು ಅವನೇ ನಿಂತು ಕಟ್ಟಿಸಿದ್ದ. ಒಡೆದ ಇಟ್ಟಿಗೆ, ರಸ್ತೆಯ ಮಣ್ಣು ತುಂಬಿಸಿ ಮೇಲೆ ಸಿಮೆಂಟು ಹಾಕಿಸಿದ್ದ. ಕುರ್ಚಿಯ ಅಳತೆಗೆ ಸರಿಯಾಗಿ ಹದಿನೆಂಟು ಇಂಚು ಎತ್ತರ. ಕೂತವರು ಮುಂದಕ್ಕೆ ಜಾರದೆ ಆರಾಮಾಗಿ ಒರಗಲಿ ಎಂದು ಗೋಡೆಯ ಕಡೆಗೆ ಒಂದಿಂಚು ಇಳಿಜಾರನ್ನೂ ಕೊಟ್ಟಿದ್ದ. ಅಳತೆ ಅಂದರೆ ಹೀಗಿರಬೇಕು ಎಂದು ಬಂದವರಿಗೆಲ್ಲ ತೋರಿಸಿದ್ದ.

ಚಿಕ್ಕಮ್ಮ ಹಾರೆ ತೆಗೆದುಕೊಂಡು ಓಣಿಗೆ ನಡೆದಳು. ಇಸ್ತ್ರಿ ಅಕ್ಕ ಮೇಜನ್ನು ಸರಿಸಿಕೊಟ್ಟಳು. ಕಟ್ಟೆಯ ಮಧ್ಯದಲ್ಲಿ ಎರಡಡಿ ಅಗಲಕ್ಕೆ ಸಿಮೆಂಟು ಒಡೆದು ಮಣ್ಣು ತೋಡಿದರು. ಮಳೆ ನಿಂತು ತಿಂಗಳಾದರೂ ಒಳಗಿನ ಮಣ್ಣು ಕಪ್ಪಗಿತ್ತು. ಹಿಡಿಯಲ್ಲಿ ಹಿಂಡಿದರೆ ನೀರು ಬೆರಳಸಂದಿನಿಂದ ಇಳಿಯಿತು. ಇನ್ನೂ ತೋಡಿದಾಗ ಗೋಡೆಯಲ್ಲಿ ಎರಡು ಇಟ್ಟಿಗೆ ಸಾಲಿನ ನಡುವೆ ಕಪ್ಪು ಗೆರೆಯೊಂದು ಕಂಡಿತು.

“ಬನ್ನಿ ಅಳಿಯಂದ್ರೇ. ಇದೇ ತಡೆಪಟ್ಟಿ. ಕಟ್ಟಿದವನು ಹಾಕಿದ್ದಾನೆ. ನಾನು ಹೇಳಿದ್ರೆ ನಂಬಲ್ಲ, ನೀವೇ ಟೇಪು ಹಿಡೀರಿ.”

ಟೇಪಣ್ಣ ಮಂಡಿಯೂರಿ ಕೂತ. ಓಣಿಯ ನೆಲದಿಂದ ಪಟ್ಟಿಗೆ ಏಳಿಂಚು. ಪಟ್ಟಿಯಿಂದ ಕಟ್ಟೆಯ ನೆತ್ತಿಗೆ ಹತ್ತಿಂಚು. ಇನ್ನೊಂದು ಸಲ ಹಿಡಿದ. ಹತ್ತೇ. ಗೋಡೆಯ ಕಡೆ ಒಂದಿಂಚು ಇಳಿಜಾರು ಕೊಟ್ಟಿದ್ದಕ್ಕೆ ಹತ್ತು, ಇಲ್ಲದಿದ್ದರೆ ಹನ್ನೊಂದು.

“ಒಣಗಿದ ರೈನ್‌ಕೋಟಿನ ಮೇಲೆ ಹತ್ತಿಂಚು ಒದ್ದೆ ಹತ್ತಿ ಹೊದಿಸಿದ್ದೀರಿ” ಎಂದಳು ಚಿಕ್ಕಮ್ಮ. “ನೀರು ಪಟ್ಟಿ ದಾಟಿ ಹತ್ತೋ ಕಷ್ಟಾನೇ ಇಲ್ಲ, ಕಟ್ಟೆ ಮಣ್ಣಿಂದ ಪಟ್ಟಿ ಮೇಲಿನ ಇಟ್ಟಿಗೆಗೇ ಸೇರ್ಕೊಳ್ತು. ಚಪ್ಪರದ ನೀರೂ ಇಲ್ಲೇ ಬೀಳುತ್ತೆ, ಇಳಿಜಾರು ಅದನ್ನ ಗೋಡೆ ಬುಡಕ್ಕೇ ಕಳಿಸುತ್ತೆ.”

“ಅವಳ ಬಕೆಟ್ಟಿನ ನೀರೂ ಸ್ವಲ್ಪ...”

“ಒಂದು ವರ್ಷದ ಬಕೆಟ್ಟೆಲ್ಲ ತಂದು ಸುರಿದ್ರೂ ಒಂದು ಜೋರು ಮಳೆಗೆ ಸಮ ಆಗಲ್ಲ.”

ಇಸ್ತ್ರಿ ಅಕ್ಕ ಅಂಗಿಯ ಕಾಲರನ್ನು ಮಡಿಸುತ್ತಿದ್ದಳು. ಕೇಳಿಸಿತೋ ಇಲ್ಲವೋ, ತಲೆಯೆತ್ತಲಿಲ್ಲ.

ಟೇಪಣ್ಣ ಎದ್ದು ಮಂಡಿಯ ಮಣ್ಣು ಕೊಡವಿಕೊಂಡ. “ಸರಿ. ನಾಳೇನೇ ಒಳಗಡೆ ಗಟ್ಟಿಯಾಗಿ ಸಿಮೆಂಟು ಬಳಿಸಿ, ನೀರು ಹೋಗದ ಪೇಂಟು ಹೊಡೆಸಿಬಿಡ್ತೀನಿ. ಬಣ್ಣದಂಗಡಿಯಲ್ಲಿ ಹೊಸದು ಬಂದಿದೆಯಂತೆ.”

“ಒದ್ದೆ ಮೈಗೆ ರೈನ್‌ಕೋಟು ತೊಡಿಸಿ ಗುಂಡಿ ಹಾಕಿದ್ರೆ ಮೈ ಒಣಗುತ್ತಾ?” ಎಂದಳು ಚಿಕ್ಕಮ್ಮ. “ಹೋದ ವರ್ಷ ಮಂಡಿಯವರೆಗೆ ಗೋಡೆ ಬಾಯಿ ಮುಚ್ಚಿದ್ರಿ. ಒಳಗಿನ ನೀರು ಆರೋಕೆ ಜಾಗ ಹುಡುಕ್ತಾ ಸೊಂಟದವರೆಗೆ ಬಂತು. ಈಗ ಸೊಂಟದವರೆಗೆ ಮುಚ್ಚಿದ್ರೆ ಮುಂದಿನ ವರ್ಷ ನಿಮ್ಮ ಕತ್ತಿಗೆ ಬರುತ್ತೆ.”

ಅಂದು ಮಧ್ಯಾಹ್ನವೇ ಕೆಲಸ ಶುರುವಾಯಿತು. ಸೋಮವಾರ ಸಂಜೆಯ ಹೊತ್ತಿಗೆ ಕಟ್ಟೆ ಪೂರ್ತಿ ಹೋಯಿತು. ಓಣಿಯ ನೆಲವನ್ನು ತಡೆಪಟ್ಟಿಗಿಂತ ಒಂದು ಗೇಣು ಕೆಳಗಿರುವಂತೆ ತೆಗೆದು, ಗೋಡೆಯಿಂದ ಚರಂಡಿಯ ಕಡೆಗೆ ಇಳಿಜಾರು ಮಾಡಿದರು. ಚಪ್ಪರದ ಅಂಚಿಗೆ ಕೊಳವೆ ಕಟ್ಟಿ ನೀರನ್ನು ನೇರ ಚರಂಡಿಗೆ ಬಿಟ್ಟರು. ಒಳಗೆ ಹಳೆಯ ಸಿಮೆಂಟು, ಪೇಂಟು ಎರಡನ್ನೂ ಕಲೆಗಿಂತ ಒಂದಡಿ ಮೇಲಿನವರೆಗೆ ಕೆತ್ತಿದರು. ಹೆಂಡತಿ ಗೋಡೆ ತೊಳೆಯಲು ನೀರು ತಂದಾಗ ಚಿಕ್ಕಮ್ಮ ತಡೆದಳು. ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೆ ಹೋಗುತ್ತದೆ, ಒಣ ಬ್ರಷ್ಷಿನಿಂದ ಉಜ್ಜಿ, ಗುಡಿಸಿ ದೂರ ಎಸೆಯಬೇಕು ಎಂದಳು. ಬಟ್ಟೆಯ ಹಲಗೆಗಳನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ನಿಲ್ಲಿಸಿ, ಕಿಟಕಿ ತೆರೆದಿಟ್ಟರು.

“ಯಾವಾಗ ಗಾರೆ ಹಾಕೋದು?” ಎಂದು ಟೇಪಣ್ಣ ಕೇಳಿದ.

“ಒಂದಿಂಚು ದಪ್ಪಕ್ಕೆ ಒಂದು ತಿಂಗಳು ಒಣಗೋಕೆ ಬೇಕು ಅನ್ನೋದು ನಮ್ಮ ಲೆಕ್ಕ. ನಿಮ್ಮ ಗೋಡೆ ಒಂಬತ್ತಿಂಚು.”

“ಒಂಬತ್ತು ತಿಂಗಳಾ?”

“ಹೂಂ. ಒಣಗಿದ್ಮೇಲೆ ಸುಣ್ಣದ ಗಾರೆ, ಮೇಲೆ ಸುಣ್ಣದ ಬಣ್ಣ. ಗೋಡೆ ಉಸಿರಾಡುತ್ತೆ. ಅವಸರ ಮಾಡಿದ್ರೆ ಮತ್ತೆ ಮೊದಲಿಂದ.” ಕರಣೆಯನ್ನು ಒರೆಸುತ್ತ ಇನ್ನೊಂದು ಮಾತು ಸೇರಿಸಿದಳು: “ಕೆಲವು ಮನೆಗೆ ತಡೆಪಟ್ಟಿನೇ ಇರಲ್ಲ, ಇದ್ರೂ ಒಡೆದಿರುತ್ತೆ. ಅಂಥ ಗೋಡೆಗೆ ಸಾಲಾಗಿ ತೂತು ಕೊರೆದು ನೀರು ತಡೆಯೋ ಔಷಧಿ ತುಂಬಿಸಿ ಹೊಸ ತಡೆ ಮಾಡ್ತಾರೆ. ಅದು ತಿಳಿದವರ ಕೈಯಲ್ಲೇ ಆಗ್ಬೇಕು. ಆದ್ರೆ ಮೊದಲು ಬುಡದ ಮಣ್ಣು ತೆಗೆದು, ನೀರು ತಿರುಗಿಸಿ ನೋಡ್ಬೇಕು. ಎಷ್ಟೋ ಗೋಡೆಗೆ ಅಷ್ಟೇ ಸಾಕು.”

ಮಂಗಳವಾರ ಬೆಳಗ್ಗೆ ಟೇಪಣ್ಣ ಓಣಿಗೆ ಹೋದ. ನಲ್ಲಿಯ ಹಿಡಿಯಲ್ಲಿ ನೀಲಿ ದಾರ ಹಾಗೇ ಇತ್ತು. ಅವನೇ ಬಿಚ್ಚಲು ಕೂತ. ತನ್ನದೇ ಗಂಟು, ಉಗುರಿಗೆ ಸಿಗಲಿಲ್ಲ. ಇಸ್ತ್ರಿ ಅಕ್ಕ ಬಂದು ಒಂದೇ ಎಳೆತಕ್ಕೆ ಬಿಚ್ಚಿ ದಾರವನ್ನು ಬೆರಳಿಗೆ ಸುತ್ತಿಕೊಂಡಳು.

“ಗಂಟು ಬರುತ್ತಾ ನಿಂಗೆ?”

“ಹನ್ನೆರಡು ವರ್ಷ ನೋಡಿದ್ದೀನಲ್ಲ ಅಣ್ಣ.”

ಬಿಚ್ಚಬಹುದಾಗಿತ್ತು, ಆದರೂ ಬಿಚ್ಚಲಿಲ್ಲ ಎಂಬುದು ಟೇಪಣ್ಣನಿಗೆ ಆಗ ತಿಳಿಯಿತು. ನೆಲ ನೋಡುತ್ತ ಹೇಳಿದ: “ನನ್ನದೇ ತಪ್ಪಮ್ಮ. ನೀರು ಕಟ್ಟೆಯದು. ಜಾಗ ಬಿಡೋದು ಬೇಡ.”

“ಗೊತ್ತು. ಅಗೆಯೋವಾಗ ಇಲ್ಲೇ ಇದ್ದೆ.”

“ಮತ್ತೆ?”

“ಮಾರ್ಕೆಟ್ ಹಿಂದೆ ಒಂದು ಜಾಗ ನೋಡಿದ್ದೀನಿ. ಮಾತು ಕೊಟ್ಟಾಯ್ತು.”

“ಮಾತು ವಾಪಸ್ ತಗೊಂಡ್ರಾಯ್ತು. ನಾನು ಬಂದು ಹೇಳ್ತೀನಿ.”

ಇಸ್ತ್ರಿ ಅಕ್ಕ ಅಂಗಿ ಹರಡಿ ನೀರು ಚಿಮುಕಿಸಿದಳು. “ಗೋಡೆ ಒಣಗೋಕೇ ಒಂಬತ್ತು ತಿಂಗಳಂತೆ. ನನ್ನನ್ನ ಎರಡೇ ದಿನದಲ್ಲಿ ಒಣಗು ಅಂದ್ರೆ ಹೇಗಣ್ಣ?”

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಇದನ್ನು ಓದಿದ ಮೇಲೆ ಎದ್ದು ನಿಮ್ಮ ಮನೆಯನ್ನು ಹೊರಗಿನಿಂದ ಒಂದು ಸುತ್ತು ಬನ್ನಿ. ಗೋಡೆಯ ಬುಡದಲ್ಲಿ ಮಣ್ಣು, ಮರಳು, ಕಟ್ಟೆ, ಹೂವಿನ ಪಾತಿ ಏನಾದರೂ ಒಳಗಿನ ನೆಲಕ್ಕಿಂತ ಮೇಲೆ ಬಂದಿದೆಯೇ ನೋಡಿ. ಬಂದಿದ್ದರೆ ಒಂದು ಗೇಣು ಕೆಳಗಿಳಿಸಿ. ಚಾವಣಿಯ ನೀರು ಗೋಡೆಯ ಕಾಲಿಗೆ ಬೀಳದಂತೆ ದೂರ ಕಳಿಸಿ. ಒದ್ದೆ ಗೋಡೆಗೆ ಸಿಮೆಂಟು, ಪೇಂಟು ಬಳಿದು ಮುಚ್ಚಬೇಡಿ, ಒಣಗಲು ಬಿಡಿ. ತಿಳಿಯದಿದ್ದರೆ ಮಾರುವವರನ್ನಲ್ಲ, ಗೋಡೆ ಕಟ್ಟಿದ ಅನುಭವ ಇರುವವರನ್ನು ಕೇಳಿ. ಪಕ್ಕದವರ ಕಡೆ ಬೆರಳು ತೋರಿಸುವ ಮೊದಲು ಒಂದು ಮೊಳ ಅಗೆದು ನೋಡಿ. ಅಗೆಯಲು ಒಂದು ಹೊತ್ತು ಸಾಕು.

ಟೇಪಣ್ಣನ ಗೋಡೆ ಒಂಬತ್ತು ತಿಂಗಳು ಕಳೆಯುವ ಹೊತ್ತಿಗೆ ಒಣಗಿತು. ಈಗ ಅಲ್ಲಿ ಸುಣ್ಣದ ಗಾರೆ ಇದೆ. ಓಣಿಯಲ್ಲಿ ಗಿರಾಕಿಗಳಿಗೆ ಮರದ ಬೆಂಚು ಇದೆ, ಗೋಡೆಯಿಂದ ಒಂದು ಗೇಣು ದೂರ. ಬೆಂಚಿನ ಪಕ್ಕದ ಜಾಗ ಇನ್ನೂ ಖಾಲಿ. ಬೇರೆಯವರು ಕೇಳಿದರೂ ಅವನು ಕೊಟ್ಟಿಲ್ಲ. ಇಸ್ತ್ರಿ ಅಕ್ಕ ಕೋಣೆಯನ್ನು ಗುಡಿಸಿ, ಬೀಗದ ಕೈಯನ್ನು ಅದೇ ನೀಲಿ ದಾರದಲ್ಲಿ ನಲ್ಲಿಯ ಹಿಡಿಗೆ ಕಟ್ಟಿ, ಬಕೆಟ್ಟು ಎತ್ತಿಕೊಂಡು ಹೊರಟುಹೋದದ್ದು ದಾರ ಬಿಚ್ಚಿದ ಆ ವಾರದ ಗುರುವಾರವೇ.